ಇನ್ಸುಲಿನ್‌ಗೆ ಹೆದರುವ ಮನೆಗಳಲ್ಲಿ ದ್ರಾಕ್ಷಾಯಣಿ

ಸ್ಯಾನ್ ಡಿಯೇಗೊದ ದಕ್ಷಿಣ ತುದಿಯ ಅಪಾರ್ಟ್‌ಮೆಂಟ್. ಇನ್ನೂ ಬೆಳಕು ಹರಿದಿಲ್ಲ. ಹೋಟೆಲ್ ಕೋಣೆಗಳನ್ನು ಶುಚಿಮಾಡುವ ಕೆಲಸಕ್ಕೆ ಹೊರಟಿರುವ ಮೆಕ್ಸಿಕೊ ಮೂಲದ ಒಫೇಲಿಯಾ, ಅಡುಗೆಮನೆಯಲ್ಲಿ ಇನ್ಸುಲಿನ್ ಪೆನ್ ಹಿಡಿದು ಕುಳಿತಿದ್ದಾರೆ. ಸೂಜಿಯ ಮುಚ್ಚಳ ತೆಗೆದು ಮತ್ತೆ ಹಾಕುತ್ತಾರೆ. ಪಕ್ಕದಲ್ಲಿರುವ ದ್ರಾಕ್ಷಾಯಣಿ ಅವಸರ ಮಾಡುವುದಿಲ್ಲ. ಮೊಮ್ಮಗುವಿಗೆ ಹಲ್ಲು ಬಂತೇ ಎಂದು ಸ್ಪ್ಯಾನಿಷ್‌ನಲ್ಲಿ ವಿಚಾರಿಸುತ್ತಾರೆ. ಆ ಮಾತಿನ ನಡುವೆಯೇ ಸೂಜಿ ಹೊಟ್ಟೆಗೆ ಇಳಿಯುತ್ತದೆ.

ಗದಗಿನ ದ್ರಾಕ್ಷಾಯಣಿ ಇಲ್ಲಿನ ಕ್ಲಿನಿಕ್ಕೊಂದರ ಆರೋಗ್ಯ ಕಾರ್ಯಕರ್ತೆ. ಮೊದಲು ಆಸ್ಪತ್ರೆಯ ಲಾಂಡ್ರಿಯಲ್ಲಿ ಮೆಕ್ಸಿಕನ್ ಹೆಂಗಸರ ಜೊತೆ ದುಡಿದವರು. "ಬಟ್ಟಿ ಮಡಚ್ಕೋತ ಸ್ಪ್ಯಾನಿಷ್ ಕಲ್ತೆ ರೀ. ಇಂಗ್ಲಿಷ್‌ಗಿಂತ ಮೊದ್ಲ ಬಂತು." ಈಗ ಸಕ್ಕರೆ ಕಾಯಿಲೆಯಿದ್ದೂ ಇನ್ಸುಲಿನ್ ಒಲ್ಲದ ಮನೆಗಳಿಗೆ ಹೋಗುತ್ತಾರೆ. "ಮನ್ಯಾಗ ಯಾರಿಗೋ ಇನ್ಸುಲಿನ್ ಶುರು ಆದ್ಮ್ಯಾಲ ಕಣ್ಣು ಹೋಗಿರ್ತಾವ. ಸಕ್ಕರಿ ಕಣ್ಣು ತಿಂದಿದ್ದು ಕಾಣಂಗಿಲ್ಲ, ಸೂಜಿ ಕಾಣತೈತಿ."

ಒಫೇಲಿಯಾರ ಗಂಡ ರೆಫೂಹಿಯೊ ತೋಟಗಾರರಾಗಿದ್ದರು. ಅವರ ತಾಯಿ ಹಾಗೆಯೇ ಕುರುಡಾಗಿದ್ದರು. ರೆಫೂಹಿಯೊಗೂ ಸಕ್ಕರೆ ಕಾಯಿಲೆಯಿತ್ತು. 2021ರಲ್ಲಿ ಪಾದದ ಗಾಯ ಮಾಯದಿದ್ದಾಗಲೂ ಅವರು ಪಾಪಾಸುಕಳ್ಳಿಯ ರಸವನ್ನೇ ನಂಬಿದ್ದರು. ಇನ್ಸುಲಿನ್ ತೆಗೆದುಕೊಳ್ಳದಿದ್ದರೆ ಕಾಲು ಉಳಿಯುವುದಿಲ್ಲ ಎಂದು ಕ್ಲಿನಿಕ್ಕಿನಲ್ಲಿ ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದರು. ಮಗಳು ಮಾರಿಬೆಲ್ ಅಪ್ಪನಿಗೆ ಸ್ಪ್ಯಾನಿಷ್‌ನಲ್ಲಿ ದಾಟಿಸಿದ್ದು ಇಷ್ಟೇ: "ಕಾಲು ಜೋಪಾನ ಅಂತಿದಾರೆ ಅಪ್ಪಾ."

ಅಲ್ಲೇ ಕುಳಿತಿದ್ದ ದ್ರಾಕ್ಷಾಯಣಿ ಉಳಿದ ಮಾತನ್ನೂ ಹೇಳಿಬಿಟ್ಟರು. ರೆಫೂಹಿಯೊ ಯಾರ ಮುಖವನ್ನೂ ನೋಡದೆ ಎದ್ದು ಹೋದರು. ಮರುದಿನದಿಂದ ಆ ಮನೆಯ ಬಾಗಿಲು ಇವರಿಗೆ ತೆರೆಯಲಿಲ್ಲ.

"ಮಗಳ ಮುಂದ ಅವರ ಮರ್ಯಾದಿ ಹೋತು. ಅಕಿ ಯಾಕ ಆ ಮಾತು ನುಂಗಿದ್ಳು ಅಂತ ನನಗ ಗೊತ್ತಿತ್ತು. ಅಪ್ಪಗ ಹಂಗ ಹೇಳೂದು ನಮ್ಮ ಮನ್ಯಾಗೂ ಇರಲಿಲ್ಲ. ಆದ್ರ ಸುಮ್ನ ಹೆಂಗ ಕುಂದರ್ಲಿ?"

ಮೊದಲು ಪಾದ ಹೋಯಿತು, ಆಮೇಲೆ ಮೊಣಕಾಲಿನ ಕೆಳಗಿನ ಭಾಗ. ಮರು ಚಳಿಗಾಲದಲ್ಲಿ ನಂಜೇರಿ ರೆಫೂಹಿಯೊ ತೀರಿಕೊಂಡರು. ಅಂತ್ಯಕ್ರಿಯೆ ಮುಗಿದ ಮೇಲೆ ಮಾರಿಬೆಲ್ ಫೋನ್ ಮಾಡಿದರು. "ಅಮ್ಮನಿಗೂ ಸಕ್ಕರೆ ಕಾಯಿಲೆ ಇದೆ. ಅವಳಿಗೆ ಎಲ್ಲಾ ಬಿಡಿಸಿ ಹೇಳಿ. ನನ್ನಿಂದ ಆಗಲ್ಲ."

ಈ ಸಲ ದ್ರಾಕ್ಷಾಯಣಿ ಇನ್ಸುಲಿನ್ ವಿಷಯ ಎತ್ತಲಿಲ್ಲ. ಕುರುಡಾದ ಅತ್ತೆಯ ಬಗ್ಗೆ ಕೇಳಿದರು. ವಾರಗಟ್ಟಲೆ ಒಫೇಲಿಯಾ ಹೇಳಿದರು, ಇವರು ಕೇಳಿಸಿಕೊಂಡರು. ಸೂಜಿಗಿಂತ ಎಷ್ಟೋ ವರ್ಷ ಮೊದಲೇ ಅತ್ತೆಯ ಕಣ್ಣು ಮಂಜಾಗಿತ್ತು ಎಂಬುದು ಒಂದು ದಿನ ಒಫೇಲಿಯಾರ ಬಾಯಿಂದಲೇ ಬಂತು. ಹೇಳಿದವರು ಬಹಳ ಹೊತ್ತು ಅತ್ತರು. ಇನ್ಸುಲಿನ್ ಪೆನ್ ಆ ಮನೆಗೆ ಬಂದದ್ದು ಅದಾದ ಮೇಲೆ.

ಆ ಬೀದಿಯಲ್ಲಿ ತೆರೆಯದ ಬಾಗಿಲುಗಳು ಇನ್ನೂ ಇವೆ. ಈ ಕೆಲಸಕ್ಕೆ ಇನ್ನೇನಾಗಬೇಕು ಎಂದು ಕೇಳಿದರೆ ದ್ರಾಕ್ಷಾಯಣಿ ಕಾರಿನ ಬಾಗಿಲು ತೆರೆಯುತ್ತಾ ಹೇಳುತ್ತಾರೆ.

"ಗಾಯ ಆದ್ಮ್ಯಾಲ ನನ್ನ ಕಳಸ್ತಾರ ರೀ. ಕಾಲು ನೆಟ್ಟಗಿದ್ದಾಗ ಕಳಸ್ರಿ ಅಂತ ಕ್ಲಿನಿಕ್‌ನವರಿಗೆ ಕೇಳೇನಿ. ಅಷ್ಟ ಮಾಡಿದ್ರ ಸಾಕು."