ಲೇಬಲ್ಲಿನಿಂದ ಊರ ಹೆಸರು ತೆಗೆಯಲಿಲ್ಲ

ನನ್ನ ಅಂಗಡಿ ಇರುವುದು ಕಿರುಗಾವಲಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ. ರೇಷ್ಮೆ ಹುಳ ಸಾಕುವವರಿಗೆ ಬೇಕಾದ ಸುಣ್ಣದ ಪುಡಿ, ಬ್ಲೀಚಿಂಗ್ ಪೌಡರು, ತಟ್ಟೆ, ಚಂದ್ರಿಕೆ ಎಲ್ಲ ಇಟ್ಟಿದ್ದೇನೆ. ಹಣ್ಣಾದ ಹುಳ ಗೂಡು ಕಟ್ಟಲು ಹತ್ತುವ ಬಿದಿರಿನ ತಟ್ಟಿಯೇ ಚಂದ್ರಿಕೆ. ಅದನ್ನು ಬಾಡಿಗೆಗೂ ಕೊಡುತ್ತೇನೆ. ಒಂದು ಕಾಲಕ್ಕೆ ಬಾಡಿಗೆ ಗಾಡಿಗೆ ಚಂದ್ರಿಕೆ ಹೇರಿಕೊಂಡು ಊರೂರು ತಿರುಗಿದವಳು ನಾನು. ಸ್ವಂತ ಶೆಡ್ಡು ಎದ್ದದ್ದು ಬಾಯಿಯ ಬಲದಿಂದ. ಬಾಯಿ ಎಷ್ಟು ದೂರ ಕೇಳಿಸೀತು? ಹಾಗಾಗಿ ಬ್ಲಾಗು ಬರೆಯಲು ಕೂತೆ.

ಮಂಡ್ಯದಲ್ಲಿ ಓದುತ್ತಿದ್ದ ಅಕ್ಕನ ಮಗಳು ಅದನ್ನು ತೆರೆದುಕೊಟ್ಟಳು. ಹುಡುಕಿದವರಿಗೆ ಸಿಗಬೇಕಾದರೆ ಬರಹದ ಕೆಳಗೆ ಲೇಬಲ್ ಹಾಕಬೇಕು ಚಿಕ್ಕಮ್ಮ ಎಂದು ಹೇಳಿ, ತಾನೇ ಕೃಷಿ, ರೈತ, ಕರ್ನಾಟಕ, ಬದುಕು ಎಂದು ಹಾಕಿಟ್ಟಳು. ನರಪಿಳ್ಳೆ ಇತ್ತ ತಲೆ ಹಾಕಲಿಲ್ಲ. ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತ ನಿಂತಾಗ ನನಗೆ ಅದರ ಕಾರಣ ತಿಳಿಯಿತು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತ ‘ಕಿರುಗಾವ್ಲು, ಕಿರುಗಾವ್ಲು’ ಎಂದು ಕೂಗುತ್ತಿದ್ದ. ‘ಕರ್ನಾಟಕ, ಕರ್ನಾಟಕ’ ಎಂದು ಕೂಗಿದ್ದರೆ ಆ ಬಸ್ಸಿಗೆ ಯಾರು ಹತ್ತುತ್ತಿದ್ದರು?

ಅಂದಿನಿಂದ ಲೇಬಲ್ಲಿನ ಪದವನ್ನು ನಾನು ಗಿರಾಕಿಯ ಬಾಯಿಂದಲೇ ತೆಗೆದುಕೊಳ್ಳುತ್ತೇನೆ. ಅಂಗಡಿ ಮೆಟ್ಟಿಲು ಹತ್ತಿದವರ ಮೊದಲ ಮಾತು ಏನೆಂದು ಗಮನಿಸಿ. ‘ಉತ್ತಮ ಚಂದ್ರಿಕೆ ಇದೆಯೇ’ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ‘ಅಕ್ಕಾ, ಉಳ ಅಣ್ಣಾಗ್ಬುಟ್ಟವೆ, ಚಂದ್ರಿಕೆ ಸಾಲಾಕಿಲ್ಲ’ ಎನ್ನುತ್ತಾರೆ. ಮಾರುವವನಿಗೆ ಮಾಲಿನ ಹೆಸರು ಮುಖ್ಯ. ಕೊಳ್ಳುವವನು ಬರುವುದು ತನ್ನ ಕಷ್ಟದ ಹೆಸರು ಹೇಳಿಕೊಂಡು. ಅದನ್ನೇ ಬರಹದ ತಲೆಬರಹದಲ್ಲಿ ಇಡಿ, ಮೊದಲ ಸಾಲಿನಲ್ಲಿ ಇಡಿ, ಲೇಬಲ್ಲಿನಲ್ಲೂ ಇಡಿ. ಪಕ್ಕದಲ್ಲಿ ಊರ ಹೆಸರಿರಲಿ. ಒಮ್ಮೆ ‘ಚಂದ್ರಿಕೆ’, ಇನ್ನೊಮ್ಮೆ ‘ಚಂದ್ರಿಕೆಗಳು’ ಎಂದು ಹಾಕಬೇಡಿ. ಒಂದೇ ಸರಕನ್ನು ಎರಡು ಮೂಲೆಯಲ್ಲಿ ಇಟ್ಟರೆ ಬಂದವನು ಅರ್ಧ ನೋಡಿಕೊಂಡು ಹೋಗುತ್ತಾನೆ. ಜನ ಬರಲಿ ಎಂದು ಸಿನಿಮಾದವರ ಹೆಸರು ಅಂಟಿಸಲೂ ಬೇಡಿ. ಬರುತ್ತಾರೆ, ಬೈದು ಹೋಗುತ್ತಾರೆ.

ಈ ಮಾತನ್ನು ನಾನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣವಿದೆ. ಒಂದು ಮಳೆಗಾಲ ಜಿಟಿಜಿಟಿ ಹಿಡಿದು ಬಿಡಲೇ ಇಲ್ಲ. ನಮ್ಮೂರಿನ ಕೆಲವು ಮನೆಗಳಲ್ಲಿ ಹುಳಕ್ಕೆ ಸುಣ್ಣಕಟ್ಟು ಬಂತು. ಈ ರೋಗ ಹತ್ತಿದ ಹುಳ ಸತ್ತು ಸೆಟೆದು, ಆಮೇಲೆ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಏನು ಮಾಡಬೇಕೆಂದು ಬರೆದು ಹಾಕಿದೆ. ಯಾರ ಮನೆಯ ಸುದ್ದಿಯನ್ನೂ ಎತ್ತಲಿಲ್ಲ. ಲೇಬಲ್ಲಿನಲ್ಲಿ ಮಾತ್ರ ಸುಣ್ಣಕಟ್ಟು ಎಂದು ಹಾಕಿ, ಜೊತೆಗೆ ನಮ್ಮೂರ ಹೆಸರು ಸೇರಿಸಿದೆ.

ಎರಡು ದಿನ ಕಳೆದಿರಲಿಲ್ಲ, ಇಬ್ಬರು ಅಂಗಡಿಗೆ ಬಂದರು. ಒಬ್ಬರು ನಮ್ಮೂರಿನ ಹಿರಿಯರು, ವರಸೆಯಲ್ಲಿ ನನಗೆ ದೊಡ್ಡಪ್ಪ. ಊರಿಗೇ ದೊಡ್ಡ ಹುಳದ ಮನೆ ಅವರದು. ಇನ್ನೊಬ್ಬ ನನ್ನ ಜೊತೆ ಶಾಲೆಗೆ ಬಂದವನು, ಅವನದೂ ಹುಳ ಸಾಕುವುದೇ ಕಸುಬು.

“ಏನವ್ವಾ, ಊರ್ಗೆ ರೋಗ ಬಂದದೆ ಅಂತ ಡಂಗುರ ಸಾರ್ತಿದ್ದೀಯಂತೆ?” ಎಂದರು ದೊಡ್ಡಪ್ಪ.

“ರೋಗ ಬಂದಿರೋದು ಉಳಕ್ಕೆ ದೊಡ್ಡಪ್ಪ, ಊರ್ಗಲ್ಲ.”

“ಅದ್ರ ಪಕ್ಕದಲ್ಲೇ ಊರೆಸ್ರು ಆಕಿದ್ದೀಯಲ್ಲ ಕಣಮ್ಮ!” ಎಂದು ಗೆಳೆಯ ಬಾಯಿ ಹಾಕಿದ. “ನಾಳೆ ನಮ್ ಗೂಡು ಮಾರ್ಕೆಟ್ಗೋದ್ರೆ ಕೊಳ್ಳೋರು ಮೂಗು ಮುರೀತಾರೆ. ತಗುದ್ಬುಡು ಅತ್ಲಾಗೆ.”

“ತಗೀದೆ ಇದ್ರೆ?”

“ಊರೋರೆಲ್ಲ ಮಳವಳ್ಳಿಲೇ ಚಂದ್ರಿಕೆ ತತ್ತೀವಿ. ನೀನಿಲ್ಲಿ ನೊಣ ಒಡ್ಕಂಡು ಕೂತ್ಕೊ.”

ಬೆದರಿಕೆ ಸಣ್ಣದಲ್ಲ. ನನ್ನ ಅರ್ಧ ವ್ಯಾಪಾರ ನಮ್ಮೂರಿನದೇ. ಆದರೆ ಹೆಸರು ತೆಗೆದರೆ ಆ ಬರಹ ಬರೆದೂ ದಂಡ. ಬೇಕಾದವರ ಕಣ್ಣಿಗೆ ಬೀಳದ ಬರಹ ಬಾಗಿಲು ಹಾಕಿದ ಅಂಗಡಿಯ ಹಾಗೆ. ನಾನು ಸುಮ್ಮನಿದ್ದೆ. ಚೌಕಾಸಿಯಲ್ಲಿ ಸುಮ್ಮನಿದ್ದವರ ಎದುರು ಇನ್ನೊಬ್ಬರು ತಾವಾಗಿಯೇ ಇಳಿಯುತ್ತಾರೆ. ಗೆಳೆಯ ಇಳಿದ.

“ಓಗ್ಲಿ, ಮಳವಳ್ಳಿ ಅಂತ ಆಕು. ದೊಡ್ಡೂರು, ತಡ್ಕತದೆ.”

“ಮಳವಳ್ಳಿಯೋರು ನಿಂಗೇನ್ಲಾ ಮಾಡಿದ್ರು?”

“ಅಂಗಾರೆ ಯಾವೂರೂ ಬ್ಯಾಡ. ಬರೀ ಸುಣ್ಣಕಟ್ಟು ಅಂತ ಬುಡು.”

“ಬರೀ ಸುಣ್ಣಕಟ್ಟು ಅಂದ್ರೆ ಎಲ್ಲೆಲ್ಲಿಯೋರು ಬರ್ದಿದ್ದೋ ಮುಂದೆ ಬತ್ತದೆ, ನಂದು ತಳ ಸೇರ್ತದೆ. ನಮ್ಮೂರ ಸೀತಕ್ಕೆ, ನಮ್ಮ ತಗಡಿನ ಸೀಟಿನ ಮನೆಗೆ ಏನ್ಮಾಡ್ಬೇಕು ಅಂತ ಅವ್ರಿಗೇನ್ ಗೊತ್ತು? ಅದ್ಸರಿ, ನೀನು ನನ್ ಬ್ಲಾಗು ಓದೋನಲ್ವಲ್ಲ, ನಿನ್ ಕಣ್ಗೆ ಇದೆಂಗೆ ಬಿತ್ತು?”

“ನಾನೆಲ್ಲಿ ನೋಡ್ದೆ? ದೊಡ್ಡಪ್ಪನ ಸೊಸೆ ಮೊಬೈಲ್ನಲ್ಲಿ ಅದೇನೋ ಉಡುಕ್ತಿದ್ಲಂತೆ. ಮೊದ್ಲು ನಿಂದೇ ಬಂತಂ...”

ಅವನು ದೊಡ್ಡಪ್ಪನ ಮುಖ ನೋಡಿದ. ದೊಡ್ಡಪ್ಪ ಹೆಗಲ ಮೇಲಿನ ಟವೆಲು ತೆಗೆದು ಕೊಡವಿ ಮತ್ತೆ ಹಾಕಿಕೊಂಡರು.

ಎದುರಿನವರ ಕೈಯಲ್ಲಿ ಏನಿದೆ ಎಂದು ಗೊತ್ತಾದ ಮೇಲೆ ನಗಬಾರದು. ನಕ್ಕರೆ ವ್ಯಾಪಾರ ಕೆಟ್ಟಿತು ಎಂದೇ ಲೆಕ್ಕ. ನಾನು ಎದ್ದು ಕುರ್ಚಿ ಎಳೆದು ಹಾಕಿದೆ. “ದೊಡ್ಡಪ್ಪ, ಉಳ ಎಷ್ಟ್ನೇ ಜ್ವರ ಎದ್ದವೆ?” ಎಂದೆ. ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ.

“ನಾಕು. ಎದ್ದು ಸೊಪ್ಪು ತಿಂತಾವೆ. ಒಂದು ಮೂಲೇಲಿ ಮಾತ್ರ...” ಎಂದು ತಮ್ಮ ಬೆರಳನ್ನೇ ಕಡ್ಡಿಯಂತೆ ಸೆಟೆಸಿ ತೋರಿಸಿದರು.

“ಬೆಳ್ಳಗಾಗೋಕ್ಮುಂಚೆ ಸತ್ತಿರೋವ್ನ ಆರ್ಸಿ ಸುಟ್ಟಾಕಿ. ಬೆಳ್ಳಗಾದ್ರೆ ಅದ್ರ ಪುಡಿ ಮಿಕ್ಕಿದ್ಕೂ ಅತ್ತದೆ. ಒದ್ದೆ ಸೊಪ್ಪು ಬ್ಯಾಡ, ಗಾಳಿ ಆಡ್ಲಿ...”

“ಇದ್ನೆಲ್ಲ ಬರ್ದಿದ್ದೀಯಲ್ಲ. ಸೊಸೆ ಓದಿ ಏಳುದ್ಲು.”

“ಮತ್ತೆ ತಗೀ ಅಂತೀರಲ್ಲ?”

“ನಾವು ಓದಾಯ್ತಲ್ಲವ್ವ,” ಎಂದರು ದೊಡ್ಡಪ್ಪ, ಒಂದಿಷ್ಟೂ ಅಳುಕದೆ.

ಗೆಳೆಯ ತಡೆಯಲಾರದೆ ನಕ್ಕುಬಿಟ್ಟ. ನಾನೂ ನಕ್ಕೆ. ಆದರೂ ದೊಡ್ಡಪ್ಪ ಬಿಡುವ ಆಸಾಮಿಯಲ್ಲ. ಏಳುವ ಮುಂಚೆ ಕೊನೆಯ ದರ ಹೇಳಿದರು: “ಊರೆಸ್ರು ಬೇಕಾರೆ ಇರ್ಲಿ. ಜೊತೇಲಿ ‘ಗ್ಯಾರಂಟಿ ವಾಸಿ’ ಅಂತಾನೂ ಆಕು. ಊರ ಮರ್ವಾದೆ ಉಳೀತದೆ.”

“ವಾಸಿಯಾಗಾಕಿಲ್ಲ ದೊಡ್ಡಪ್ಪ. ರೋಗ ಅತ್ತಿದ್ದು ಓಯ್ತು, ಅತ್ತದೆ ಇರೋದ್ನ ಉಳುಸ್ಕಬೋದು ಅಷ್ಟೆ. ಅಂಗಡೀಲಿ ಇಲ್ದಿರೋ ಮಾಲ್ಗೆ ನಾನು ಬೋರ್ಡ್ ಆಕಲ್ಲ.”

“ಮೊಂಡಿ ಕಣವ್ವ ನೀನು,” ಎಂದರು. ಒಂದು ಮೂಟೆ ಸುಣ್ಣದ ಪುಡಿ ಕೊಂಡು, ಗೆಳೆಯನ ಬೈಕಿಗೆ ಹೇರಿಸಿಕೊಂಡು ಹೋದರು.

ಆಮೇಲೆ ಕೆಲವರು ನಿಜವಾಗಿಯೂ ಮಳವಳ್ಳಿಯಿಂದಲೇ ಚಂದ್ರಿಕೆ ತಂದರು, ಈಗಲೂ ತರುತ್ತಾರೆ. ತರಲಿ. ಆ ಲೇಬಲ್ಲನ್ನು ನಾನು ಮುಟ್ಟಿಲ್ಲ.

ಸ್ವಲ್ಪ ದಿನಕ್ಕೆ ದೊಡ್ಡಪ್ಪನ ಸೊಸೆಯ ಫೋನು ಬಂತು. ಉಳಿದ ಹುಳ ಹಣ್ಣಾಗಿವೆ, ಚಂದ್ರಿಕೆ ಕಳಿಸಿ ಎಂದಳು. ಗಾಡಿಗೆ ಹೇರಿಸುತ್ತಲೇ ನಾನು ಕೇಳಿದೆ, “ಅವತ್ತು ಮೊಬೈಲ್ನಲ್ಲಿ ಏನಂತ ಉಡುಕ್ದೆ ತಾಯಿ?”

“ಮೊದ್ಲು ‘ಉಳ ಸೆಟ್ಕಂಡು ಸತ್ತೋಗವೆ’ ಅಂತ ಒತ್ತುದ್ನಕ್ಕ. ಏನೂ ಬರ್ನಿಲ್ಲ. ಆ ರೋಗದ ಎಸ್ರೇ ನಂಗೆ ಗೊತ್ತಿರ್ನಿಲ್ಲ. ಅತ್ತೇನ ಕೇಳಿ, ಊರೆಸ್ರು ಸೇರ್ಸಿ ಇನ್ನೊಂದ್ಸಲ ಒತ್ತುದ್ಮೇಲೆ ನಿಮ್ದು ಬಂತು.”

ಅತ್ತೆ ಮನೆಯಲ್ಲಿ ಇಲ್ಲದಿದ್ದರೆ ಏನಾಗುತ್ತಿತ್ತು? ಗಾಡಿ ಕಳಿಸಿ ಬಂದು ಕೂತೆ. ‘ಹುಳ ಸೆಟೆದು ಸಾಯುತ್ತಿದೆ’ ಎಂಬುದನ್ನು ಆ ಬರಹದ ಮೊದಲ ಸಾಲಿಗೆ ತಂದೆ, ಲೇಬಲ್ಲಿಗೂ ಸೇರಿಸಿದೆ. ಅದರ ಪಕ್ಕದಲ್ಲೇ ನಮ್ಮೂರ ಹೆಸರಿದೆ.