ಹೊರಡುವಾಗ ಹೇಳುವ ಮಾತು

ಸವಡಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ದಿನಾ ರೋಣದಿಂದ ಬಸ್ಸಿಗೆ ಹೋಗುತ್ತೇನೆ. ರೋಣದಲ್ಲಿ ನನ್ನದೊಂದು ಬಾಡಿಗೆ ಖೋಲಿ, ಅದಕ್ಕೊಂದು ಬೀಗ, ಅಷ್ಟೇ ಸಂಸಾರ.

ಅವತ್ತು ಮಕ್ಕಳಿಂದ ‘ಐ ಆಮ್ ಹ್ಯಾಪಿ ಟು ಸೀ ಯೂ’, ‘ಐ ಆಮ್ ರೆಡಿ ಟು ಗೋ’ ಎಂದು ಹೇಳಿಸುತ್ತಿದ್ದೆ. ಬಾಗಿಲಲ್ಲಿ ಕೂತು ಅಕ್ಕಿ ಹಸನು ಮಾಡುತ್ತಿದ್ದ ಬಿಸಿಯೂಟದ ಶಾಂತವ್ವ ಕೊನೆಯದರ ಅರ್ಥ ಕೇಳಿದಳು.

“ಹೋಗಾಕ ತಯಾರಾಗೀನಿ ಅಂತ,” ಎಂದೆ.

“ಹೊಂಟಾಗ ಹೋಗ್ತೀನಿ ಅಂತ ಯಾರರ ಅಂತಾರೇನ್ರಿ ಸರ? ಬರ್ತೀನಿ ಅಂತ ಕಲಸ್ರಿ.”

“ಇಂಗ್ಲಿಷಿನ್ಯಾಗ ಹಂಗ ನಡಿಯೂದಿಲ್ಲವ್ವಾ.”

“ಇರ್ಲಿ. ನೀವು ಮುಂಜಾನಿ ಮನಿ ಬಿಡೂಮುಂದ ಏನಂತೀರಿ?”

“ಏನೂ ಅನ್ನೂದಿಲ್ಲ. ಯಾರಿಗ ಅನ್ನಲಿ?”

ಶಾಂತವ್ವ ಮತ್ತೆ ಮೊರದಲ್ಲಿ ಕಲ್ಲು ಹುಡುಕತೊಡಗಿದಳು. ಆದರೆ ಸಂಜೆ ನಾನು ಬಸ್ಸಿಗೆ ಹೊರಟಾಗ ಅಡುಗೆಕೋಣೆಯಿಂದಲೇ ಕೂಗಿ ಹೇಳಿದಳು, “ಹೋಗಿ ಬರ್ರಿ ಸರ.” ಆಮೇಲೆ ಅದು ದಿನದ ರೂಢಿಯಾಯಿತು.

ಪರೀಕ್ಷೆಯಲ್ಲಿ ಅರ್ಧ ತರಗತಿ ‘ರೆಡಿ ಟು ಕಮ್’ ಎಂದೇ ಬರೆದಿತ್ತು. ತಪ್ಪು ಹಾಕಲು ಕೈ ಬರಲಿಲ್ಲ.

ಭಾನುವಾರ ಶಾಲೆಯಿಲ್ಲ. ಕಾಯಿಪಲ್ಲೆ ತರಲು ಹೊರಟವನು ಬೀಗ ಹಾಕಿ, ಆಚೀಚೆ ನೋಡಿ, “ಬರ್ತೀನಿ” ಎಂದೆ. ಹೇಳಿ ಬಂದ ತಪ್ಪಿಗೆ, ಪ್ಯಾಟಿಯಲ್ಲಿ ಚಹಾ ಕೂಡ ಕುಡಿಯದೆ ಲಗೂನ ವಾಪಸ್ ಬಂದೆ.