ಹೊಡೆದುಹಾಕಿದ ಸಾಲು

ಮುದ್ರಣಾಲಯದಲ್ಲಿ ಅಕ್ಕನಿಗೆ ‘ಸೂಜಿಗಣ್ಣು’ ಎಂದೇ ಹೆಸರು. ಮೂವತ್ತೊಂದು ವರ್ಷ ಅವಳು ಅಲ್ಲಿ ಕರಡು ತಿದ್ದಿದಳು. ಇವಳ ಕಣ್ಣು ತಪ್ಪಿಸಿ ಒಂದು ಅಲ್ಪವಿರಾಮವೂ ಹೊಸಿಲು ದಾಟುವುದಿಲ್ಲ ಎಂದು ಜೊತೆಯವರು ನಗುತ್ತಿದ್ದರು. ವಾರವಿಡೀ ಅಕ್ಷರಗಳಲ್ಲಿ ಮುಳುಗಿರುತ್ತಿದ್ದವಳು ರಜೆಯ ಬೆಳಿಗ್ಗೆ ದುರ್ಬೀನು ಕೊರಳಿಗೆ ಹಾಕಿಕೊಂಡು ಊರಾಚೆಯ ಜೌಗಿಗೆ ಹೊರಡುತ್ತಿದ್ದಳು. ಅದು ನೀರುಹಕ್ಕಿಗಳಿಗೆಂದೇ ಕಾದಿಟ್ಟ ಜಾಗ. ಮದುವೆಯ ಮಾತೆತ್ತಿದವರಿಗೆ, “ರಜೆ ದಿನ ಹಕ್ಕಿ ನೋಡೋಕೆ ಬಿಡೋ ಗಂಡು ಸಿಕ್ಕಿದ್ರೆ ಹೇಳಿ” ಎಂದು ಬಾಯಿ ಮುಚ್ಚಿಸುತ್ತಿದ್ದಳು.

ತಮ್ಮ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕಾಗೆ ಬಿಟ್ಟರೆ ಗುಬ್ಬಿ, ಅವನ ಪಕ್ಷಿಜ್ಞಾನ ಅಷ್ಟಕ್ಕೇ ಮುಗಿಯುತ್ತಿತ್ತು.

ನಿವೃತ್ತಿಯಾದ ಮರುವರ್ಷ ಅಕ್ಕನ ಕಣ್ಣು ಕೈಕೊಟ್ಟಿತು. ಅಂಚು ಕಾಣುತ್ತಿತ್ತು, ನಡುವೆ ಬರೀ ಬೂದು ಮಚ್ಚೆ. ಎದುರಿಗೆ ಕೂತವರ ಕಿವಿ ಕಂಡರೂ ಮುಖ ಕಾಣುತ್ತಿರಲಿಲ್ಲ. ಯಾರನ್ನೂ ಏನನ್ನೂ ಕೇಳಿದವಳಲ್ಲ; ಒಂದು ದಿನ ತಮ್ಮನಿಗೆ ಫೋನ್ ಮಾಡಿದಳು.

“ಜೌಗಿಗೆ ನನ್ನ ಜೊತೆ ಬರ್ತೀಯೇನೋ? ನೀನು ನೋಡಿ ಹೇಳು, ನಾನು ಕೇಳಿಸ್ಕೋತೀನಿ.”

ಅಂದಿನಿಂದ ಅವನ ರಜೆಯ ಬೆಳಿಗ್ಗೆಗಳು ಅವಳ ಪಾಲಾದವು. ನೀರಿನ ಮೇಲೆ ಹಾಸಿದ ಹಲಗೆ ದಾರಿಯಲ್ಲಿ ಅವಳು ಅವನ ಮೊಣಕೈ ಹಿಡಿದು ನಡೆಯುತ್ತಿದ್ದಳು.

“ಅಲ್ಲೊಂದು ಕಂದು ಹಕ್ಕಿ ಇದೆ ಅಕ್ಕ.”

“ಕಂದು ಹಕ್ಕಿ ನೂರಿವೆ ಕಣೋ. ಕಾಲು ಹೇಗಿದೆ? ಕೊಕ್ಕು ಎಷ್ಟುದ್ದ? ಏನು ಮಾಡ್ತಿದೆ?”

“ಬಾಲ ಆಡಿಸ್ತಾ ಇದೆ. ಸ್ಕ್ರೂ ಸಡಿಲ ಆಗಿರೋ ವೈಪರ್ ಥರ.”

ಅಕ್ಕ ಬಿದ್ದುಬಿದ್ದು ನಕ್ಕಳು. ಅದು ಯಾವ ಹಕ್ಕಿಯೆಂದು ಅಷ್ಟರಿಂದಲೇ ಹೇಳಿದಳು.

ಪಡುವಣ ಜೊಂಡಿನ ಹತ್ತಿರ ಬಂದಾಗ ಮಾತ್ರ ಅವಳ ಹಿಡಿತ ಬಿಗಿಯಾಗುತ್ತಿತ್ತು. ಅಲ್ಲಿ ಕೆನ್ನೀಲಿ ಬಕದ ಜೋಡಿಯೊಂದು ವರ್ಷವರ್ಷವೂ ಗೂಡು ಕಟ್ಟುತ್ತಿತ್ತಂತೆ. ನೀರು ತೀರಾ ಇಳಿದ ಒಂದು ಬೇಸಿಗೆ ಎದ್ದುಹೋದವು, ಐದು ವರ್ಷವಾದರೂ ಬಂದಿರಲಿಲ್ಲ.

“ಬಂದಿದಾವೇನೋ?” ಎಂದು ಅವಳು ಪ್ರತಿಸಲ ಕೇಳುತ್ತಿದ್ದಳು. ಇಲ್ಲ ಎಂದು ಅವನು ಪ್ರತಿಸಲ ಹೇಳುತ್ತಿದ್ದ.

ಉಳಿದ ಅಂಚಿನ ನೋಟವೂ ಹೆಚ್ಚು ದಿನ ನಿಲ್ಲದೆಂದು ಡಾಕ್ಟರು ಹೇಳಿದ ವಾರ ಅವಳು ದಾರಿಯಲ್ಲಿ ಒಂದು ಹಕ್ಕಿಯ ಬಗ್ಗೆಯೂ ಕೇಳಲಿಲ್ಲ. ಜೊಂಡಿನ ಬಳಿ ನಿಂತು, ಅಭ್ಯಾಸಬಲದಿಂದೆಂಬಂತೆ ಕೇಳಿದಳು. ತಮ್ಮ ಅವಳ ಮುಖದಿಂದ ಕಣ್ಣು ತೆಗೆದು ಜೊಂಡಿನತ್ತ ತಿರುಗಿದ.

“ಬಂದಿದೆ ಅಕ್ಕ. ಉದ್ದ ಕತ್ತು. ಅಲ್ಲೇ ನಿಂತಿದೆ.”

ಅವಳು ಎರಡೂ ಕೈಯಲ್ಲಿ ಅವನ ತೋಳು ಹಿಡಿದುಕೊಂಡಳು. ಕೆನ್ನೆ ಒದ್ದೆಯಾಯಿತು. ಹೊರಡುವಾಗ ಜೌಗಿನ ಬಾಗಿಲ ಬಳಿಯ ಕಾವಲು ಚೌಕಿಯಲ್ಲಿದ್ದ, ಕಂಡ ಹಕ್ಕಿಗಳ ದಾಖಲೆ ಪುಸ್ತಕದಲ್ಲಿ ಬರೆಸಿದಳು: ಕೆನ್ನೀಲಿ ಬಕ, ಒಂದು, ಪಡುವಣ ಜೊಂಡು. ಅವನು ಬರೆದು ಪುಸ್ತಕ ಮುಚ್ಚಿದ.

ಮುಂದಿನ ವಾರ ಪಡುವಣ ದಾರಿಗೆ ಅಡ್ಡಲಾಗಿ ಹಗ್ಗ ಕಟ್ಟಿತ್ತು.

“ನೀವು ಬರೆದ ಬಕಕ್ಕೆ ಇದು ಗೂಡು ಕಟ್ಟೋ ಹೊತ್ತು, ಜನ ಓಡಾಡಿದ್ರೆ ಎದ್ದು ಹೋಗತ್ತೆ ಮೇಡಂ. ದಿನಾ ದೂರದಿಂದ ಕಾಯ್ತಾ ಇದೀನಿ, ನನಗಿನ್ನೂ ಕಂಡಿಲ್ಲ. ಸಾರ್ ಪುಣ್ಯವಂತರು,” ಎಂದಳು ಕಾವಲಿನ ಹೆಂಗಸು.

ತಮ್ಮನಿಗೆ ಅದು ಬಿಸಿ ತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಹತ್ತು ದಿನ ಸಹಿಸಿದ. ಹನ್ನೊಂದನೆಯ ದಿನ ಡಿಪೋದಿಂದ ನೇರವಾಗಿ ಅಕ್ಕನ ಮನೆಗೆ ಹೋದ. ಅವಳು ಕಿಟಕಿಯ ಬಳಿ ಕೂತು, ಬೆರಳಲ್ಲೇ ತಡವಿ ಬಟ್ಟೆ ಮಡಿಸುತ್ತಿದ್ದಳು.

“ಅಕ್ಕ, ಅವತ್ತು ಅಲ್ಲಿ ಏನೂ ಇರಲಿಲ್ಲ.”

ಮಡಿಸುತ್ತಿದ್ದ ಕೈ ನಿಂತಿತು.

“ನಿನ್ನ ಮುಖ ನೋಡೋಕಾಗಲಿಲ್ಲ. ಬಾಯಿಗೆ ಬಂದುಬಿಡ್ತು.”

“ಇನ್ನೂ ಎಷ್ಟು ಸಲ ಹೀಗೆ ಬಾಯಿಗೆ ಬಂದಿದೆ?”

“ಅದೊಂದೇ ಸಲ. ಆಣೆ ಮಾಡಿ ಹೇಳ್ತೀನಿ.”

“ಹೇಗೆ ನಂಬಲಿ? ಇನ್ನು ಮುಂದೆ ನನಗಿರೋದು ನಿನ್ನ ಕಣ್ಣೊಂದೇ ಅಲ್ವೇನೋ?” ದನಿ ಏರಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಮರುದಿನ ಇಬ್ಬರೂ ಚೌಕಿಗೆ ಹೋದರು. ಕಾವಲಿನವಳಿಗೆ ತಮ್ಮನೇ ತಲೆ ತಗ್ಗಿಸಿ ಹೇಳಿದ. ಅವಳು ಸಿಡುಕಿದಳು, ಹಗ್ಗ ಬಿಚ್ಚಲು ಹೋದಳು. ಅವನು ದಾಖಲೆ ಪುಸ್ತಕದ ಆ ಸಾಲನ್ನು ಕಾಣದಂತೆ ಗೀಚಿಹಾಕಲು ಪೆನ್ನೆತ್ತಿದಾಗ ಅಕ್ಕ ತಡೆದಳು.

“ಗೀಚಬೇಡ. ಮೇಲೆ ಒಂದೇ ಗೆರೆ ಎಳಿ, ಪಕ್ಕದಲ್ಲಿ ಸಹಿ ಹಾಕು. ತಪ್ಪು ಏನಿತ್ತು ಅಂತ ಓದಿದವರಿಗೆ ತಿಳೀಬೇಕು.”

ಆಮೇಲೆ ಒಂದೂವರೆ ತಿಂಗಳು ಅವಳು ಕರೆಯಲಿಲ್ಲ. ಅವನು ಸಂಜೆ ಅವಳ ಬೀದಿಯವರೆಗೂ ಬಂದು, ಮೇಲಿನ ಕಿಟಕಿಯ ದೀಪ ನೋಡಿ ಮರಳುತ್ತಿದ್ದ. ಕೊನೆಗೆ ಫೋನ್ ಬಂತು. “ನಾಳೆ ಬೇಗ ಬಾ” ಎಂದಷ್ಟೇ ಹೇಳಿ ಇಟ್ಟುಬಿಟ್ಟಳು.

ಬೆಳಿಗ್ಗೆ ಮಂಜು ಕವಿದಿತ್ತು. ಜೌಗಿನ ದಡದ ಮೋಟು ಬೆಂಚಿನ ಮೇಲೆ ಕೂತರು. ಅವಳ ಅಂಚಿನ ನೋಟವೂ ಅಷ್ಟರಲ್ಲಿ ಆರಿತ್ತು.

“ಏನಿದೆ?”

ಅವನು ನೀರಿನುದ್ದಕ್ಕೂ ಕಣ್ಣು ಹಾಯಿಸಿ ನೋಡಿದ. “ಏನೂ ಇಲ್ಲ ಅಕ್ಕ. ನೀರಷ್ಟೇ.”

“ನೀರು ಹೇಗಿದೆ?”

ಅವನು ಹೇಳತೊಡಗಿದ. ದಡದ ಹತ್ತಿರ ಚಹಾದ ಬಣ್ಣ. ಒಳಗೆ ಹೋದಂತೆ ಸೀಸದ ಹಾಗೆ ಮಬ್ಬು. ಎಲ್ಲೋ ಒಂದು ಕಡೆ ಸಣ್ಣ ಉಂಗುರ ಎದ್ದು ಅಗಲವಾಗುತ್ತಿದೆ, ಯಾಕೆಂದು ಗೊತ್ತಾಗುತ್ತಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಕ್ಕನ ಕೈ ಬೆಂಚಿನ ಮೇಲೆ ಹುಡುಕುತ್ತ ಬಂದು ಅವನ ಮೊಣಕೈ ಹಿಡಿದುಕೊಂಡಿತು.